ನಲವತ್ತೈದು ಸೆಕೆಂಡಿನ ಪರಮಾಣು

ಮನುಷ್ಯನಿಗೆ ಮುಖವಿರುವಂತೆ ಯಂತ್ರಕ್ಕೂ ಒಂದು ಮುಖವಿರಲೇಬೇಕು ಎಂಬ ಸಿದ್ಧಾಂತಕ್ಕೆ ಸಿಂಧನೂರಿನ ಭೌತಶಾಸ್ತ್ರದ ಉಪನ್ಯಾಸಕ ಪಂಪಾಪತಿ ಬಂದದ್ದು ತನ್ನ ನಲವತ್ತಾರನೆಯ ವಯಸ್ಸಿನಲ್ಲಿ. ಪ್ರಮಾಣವಿಲ್ಲದೆ ಏನನ್ನೂ ನಂಬದ ಈ ಮನುಷ್ಯ ಈ ಒಂದು ವಿಷಯದಲ್ಲಿ ಮಾತ್ರ ಯಾವ ಪ್ರಮಾಣವನ್ನೂ ಕೇಳಲಿಲ್ಲ.

ಯಂತ್ರ ಆಗಲೇ ಸಿದ್ಧವಿತ್ತು. ಸಂಪಿನ ನೀರನ್ನು ಮಾಳಿಗೆಯ ಟ್ಯಾಂಕಿಗೆ ಏರಿಸುವ ಮೋಟಾರನ್ನು ತಾನೇ ಚಾಲೂ ಮಾಡಿ, ಟ್ಯಾಂಕು ತುಂಬಿದೊಡನೆ ತಾನೇ ನಿಲ್ಲಿಸುವ, ಸಾಬೂನಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅದರ ಎದೆಯ ಮೇಲೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದೊಂದು ಪರದೆ. ಕರೆಂಟು ಬಂದೊಡನೆ ಅಲ್ಲಿ ಮೊದಲು ಪರಮಾಣುವಿನ ಚಿತ್ರ ಬೆಳಗಬೇಕು, ಅನಂತರವೇ ಮೋಟಾರು ತಿರುಗಬೇಕು. ಪರದೆಯಲ್ಲಿದ್ದದ್ದು ಅಡ್ಡಕ್ಕೆ ನೂರ ಇಪ್ಪತ್ತೆಂಟು, ಉದ್ದಕ್ಕೆ ಅರವತ್ತನಾಲ್ಕು ಚುಕ್ಕೆ. ಒಂದೊಂದು ಚುಕ್ಕೆಯೂ ಹೊತ್ತಿರಬೇಕು, ಇಲ್ಲವೇ ಆರಿರಬೇಕು. ನಡುವಿನ ಸ್ಥಿತಿ ಇಲ್ಲ. ನಾಲ್ಕು ಭಾನುವಾರ ಕುಳಿತು ಎಲೆಕ್ಟ್ರಾನುಗಳನ್ನು ಅವುಗಳ ಕಕ್ಷೆಯಲ್ಲಿ ಕೂರಿಸಿ ಹೆಂಡತಿಯನ್ನು ಕರೆದಾಗ, ಸುರೇಖಾ ಬಗ್ಗಿ ನೋಡಿ, "ಉಳ್ಳಾಗಡ್ಡಿ ಚಂದ ಹೆಚ್ಚೀರಿ" ಎಂದು ಒಳಗೆ ಹೋದಳು.

ಚಿತ್ರ ಮೊದಲು ನಿಲ್ಲುತ್ತಿದ್ದದ್ದು ಮೂರೇ ಸೆಕೆಂಡು. ಸಹೋದ್ಯೋಗಿ ದಾವಲ್‌ಸಾಬ್ ನೋಡಲು ಬಂದಾಗ, ಅವರು ಜೇಬಿನಿಂದ ಕನ್ನಡಕ ತೆಗೆದು ಏರಿಸಿಕೊಳ್ಳುವಷ್ಟರಲ್ಲಿ ಪರಮಾಣು ಮಾಯವಾಗಿ ಮೋಟಾರು ಗುಂಯ್ ಎನ್ನುತ್ತಿತ್ತು. ಕನ್ನಡಕದವರಿಗೆ ಅನ್ಯಾಯವಾಗಬಾರದೆಂದು ಪಂಪಾಪತಿ ಅದನ್ನು ನಲವತ್ತೈದು ಸೆಕೆಂಡಿಗೆ ಏರಿಸಿದ. ಗೋಡೆಯಲ್ಲಿದ್ದ ಹಳೆಯ ಸ್ವಿಚ್ಚಿನ ಕಾಲ ಮುಗಿಯಿತೆಂದು ಘೋಷಿಸಿ ಅದನ್ನು ಕಿತ್ತುಹಾಕಿದ.

ಇಷ್ಟೆಲ್ಲ ಸಿಂಗಾರ ನಿಜವಾಗಿ ಒಬ್ಬರ ಕಣ್ಣಿಗಾಗಿ. ಮಾವ ಗೋಪಣ್ಣ ಲಿಂಗಸುಗೂರಿನಲ್ಲಿ ನಲವತ್ತು ವರ್ಷ ಮೋಟಾರಿಗೆ ತಂತಿ ಸುತ್ತಿದವನು. ಮಗಳ ಮನೆಯ ಮಿಕ್ಸರ್ ಕೆಟ್ಟರೆ, "ಮಾಸ್ತರಿಗೆ ಬಿಚ್ಚಾಕ ಹೇಳಬ್ಯಾಡ, ಬಸ್ಸಿಗೆ ಇಟ್ಟು ಕಳಿಸು" ಎನ್ನುವವನು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅಳಿಯನ ಕೈಗೆ ಒಂದು ಸ್ಕ್ರೂ ತಿರುಗಿಸುವ ಯೋಗ್ಯತೆಯಿದೆ ಎಂದು ಅವನ ಬಾಯಿಂದ ಬಂದಿರಲಿಲ್ಲ. ಆ ಒಂದು ಮಾತು ಬರಬೇಕಿತ್ತು. ಆ ಭಾನುವಾರ ಗೋಪಣ್ಣ, ಮಸ್ಕಿಯ ಬೀಗರು, ಎಲ್ಲ ಸೇರಿ ಹನ್ನೆರಡು ಮಂದಿ ಊಟಕ್ಕೆ ಬರುವವರಿದ್ದರು.

ಬೆಳಿಗ್ಗೆಯೇ ಸುರೇಖಾ ಎಚ್ಚರಿಸಿದಳು. "ಟ್ಯಾಂಕಿನ ತಳ ಕಾಣಾಕತ್ತೈತ್ರಿ. ಈಗ ತುಂಬಿಸಿಬಿಡ್ರಿ."

"ತುಂಬಿದ ಟ್ಯಾಂಕ್ ಇದ್ರ ಮೋಟಾರು ಯಾಕ ಚಾಲೂ ಆಗ್ತೈತಿ? ನಿಮ್ಮಪ್ಪ ಬರ್ಲಿ, ಅವರ ಮುಂದ ತುಂಬಸೂಣು."

"ನಮ್ಮಪ್ಪ ಮೋಟಾರ್ ನೋಡಾಕ ಬರಾಕತ್ತಿಲ್ರಿ, ಉಣ್ಣಾಕ ಬರಾಕತ್ತಾನ."

ಪಂಪಾಪತಿ ಯಂತ್ರವನ್ನು ಬಂದ್ ಮಾಡಿಯೇ ಇಟ್ಟ. ಬಂದ ನೆಂಟರು ಕಾಲು ತೊಳೆಯುವುದರೊಳಗೆ ಟ್ಯಾಂಕಿನ ಕೊನೆಯ ಹನಿಯೂ ಇಳಿಯಿತು. ಬಚ್ಚಲಿನಲ್ಲಿದ್ದ ಮಸ್ಕಿಯ ಬೀಗರನ್ನು ಬಿಟ್ಟು ಉಳಿದವರನ್ನೆಲ್ಲ ಅವನು ಅಂಗಳದ ಗೋಡೆಯ ಮುಂದೆ ನಿಲ್ಲಿಸಿ, ಯಂತ್ರಯುಗದ ಕುರಿತು ನಾಲ್ಕು ಮಾತಾಡಿ, ಕರೆಂಟು ಕೊಟ್ಟ. ಪರಮಾಣು ಬೆಳಗಿತು.

ನಾಟಿಯ ಕಾಲ. ಕಾಲುವೆಯುದ್ದಕ್ಕೂ ಗದ್ದೆಯ ಪಂಪುಗಳು ಕರೆಂಟು ಹೀರುತ್ತಿದ್ದವು. ನಲವತ್ತನೆಯ ಸೆಕೆಂಡಿಗೆ ಮನೆಯ ದೀಪ ಒಮ್ಮೆ ಕಣ್ಣು ಮಿಟುಕಿಸಿತು. ದೀಪಕ್ಕೆ ಅದು ಮಿಟುಕು. ಯಂತ್ರಕ್ಕೆ ಮಾತ್ರ ಮರಣ ಮತ್ತು ಪುನರ್ಜನ್ಮ. ಪರಮಾಣು ಮೊದಲಿನಿಂದ ಬೆಳಗಿತು. ಮೂವತ್ತನೆಯ ಸೆಕೆಂಡಿಗೆ ಇನ್ನೊಂದು ಮಿಟುಕು, ಇನ್ನೊಂದು ಜನ್ಮ. ನಲವತ್ತೈದನ್ನು ಮೂರಕ್ಕೆ ಇಳಿಸಬಹುದಿತ್ತು, ಆದರೆ ಅದಕ್ಕೆ ಬೇಕಾದ ಲ್ಯಾಪ್‌ಟಾಪ್ ಕಾಲೇಜಿನ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಅಷ್ಟರಲ್ಲಿ ಬಚ್ಚಲಿನಿಂದ ಮಸ್ಕಿಯ ಬೀಗರು, ಮುಖಕ್ಕೆ ಸಾಬೂನು ಹಚ್ಚಿಕೊಂಡಾಗಿದೆ, ನಲ್ಲಿಯಲ್ಲಿ ಬರೀ ಗಾಳಿ ಬರುತ್ತಿದೆ ಎಂದು ಬಹಳ ಸೌಜನ್ಯದಿಂದ ವಿಚಾರಿಸಿದರು.

ಪರಮಾಣು ಒಂಬತ್ತನೆಯ ಬಾರಿ ಹುಟ್ಟಿದಾಗ ಗೋಪಣ್ಣ ಬಾಯಿಬಿಟ್ಟ.

"ಮಾಸ್ತರ್ರ, ಈ ಚಿತ್ರ ಮೋಟಾರಿಗೆ ಏನ್ ಮಾಡ್ತೈತ್ರಿ?"

"ಮೋಟಾರಿಗೆ ಏನೂ ಮಾಡಂಗಿಲ್ರಿ ಮಾವಾರ. ನೋಡೋರಿಗೆ ಅಂತ ಇಟ್ಟೀನಿ."

"ನೋಡಿದ್ವಿ."

ಅಂಗಿಯ ಜೇಬಿನಲ್ಲಿ ಎಲ್ಲರೂ ಪೆನ್ನು ಇಡುವ ಕಡೆ ಗೋಪಣ್ಣ ಟೆಸ್ಟರ್ ಇಡುತ್ತಿದ್ದ. ಮೇನ್ ಬಂದ್ ಮಾಡಿಸಿ, ಪೆಟ್ಟಿಗೆಯನ್ನು ಬಿಚ್ಚಿ ಅಳಿಯನ ಕೈಗೆ ಕೊಟ್ಟು, ಎರಡು ತಂತಿಗಳನ್ನು ನೇರ ಜೋಡಿಸಿ ಟೇಪು ಸುತ್ತಿ, ಮೇನ್ ಹಾಕಿಸಿದ. ಮೋಟಾರು ತಿರುಗಿತು. ದೀಪ ಮಿಟುಕಿದಾಗ ಒಮ್ಮೆ ನರಳಿ, ಮತ್ತೆ ತಿರುಗಿತು. ಬಚ್ಚಲಿನಿಂದ ನೀರಿನ ಸದ್ದೂ ಬೀಗರ ನಿಟ್ಟುಸಿರೂ ಒಟ್ಟಿಗೇ ಕೇಳಿಬಂದವು.

ಊಟದಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಎತ್ತದೇ ಇದ್ದದ್ದೇ ಪಂಪಾಪತಿಗೆ ಹೋಳಿಗೆಗಿಂತ ಭಾರವಾಯಿತು. ಸಂಜೆ ಎಲ್ಲರೂ ಆಟೋ ಹತ್ತಿದ ಮೇಲೆ ಗೋಪಣ್ಣ ಒಬ್ಬನೇ ಹಿಂದಿರುಗಿ ಬಂದು, ಅಳಿಯನ ಕೈಯಲ್ಲಿ ಇನ್ನೂ ಇದ್ದ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಚಿತ್ರ ಖರೇನ ಚೊಲೊ ತಗದೀರಿ, ಮಾಸ್ತರ್ರ."

ಪಂಪಾಪತಿಯ ಎದೆ ತುಂಬಿತು. ಇಪ್ಪತ್ತು ವರ್ಷ ಕಾದ ಮಾತು.

"ಆದ್ರ ಇದನ್ನ ಮೋಟಾರಿನ ಬಾಜೂ ಇಡಬ್ಯಾಡ್ರಿ. ದೇವರ ಜಗಲಿ ಮ್ಯಾಲಿಡ್ರಿ. ಅಲ್ಲಿ ಎಷ್ಟೊತ್ತು ನಿಂತ್ರೂ, ನೀರು ಯಾವಾಗ ಬರ್ತೈತಿ ಅಂತ ಯಾರೂ ಕೇಳಂಗಿಲ್ಲ."