ನಡುಗಡ್ಡೆಯಲ್ಲಿ ಸೋದರಮಾವ

ಅಥವಾ ಅದು ಮಂಗಳವಾರವೇ ಆಗಿರಲಿಲ್ಲವೇನೋ. ಮಂಗಳವಾರ ಎಂದು ಬರೆಯಲು ಹೊರಟರೆ ನನ್ನ ನೆನಪು ತಟ್ಟನೆ ಒಪ್ಪಿಕೊಂಡು ಅದಕ್ಕೊಂದು ಎಳೆಬಿಸಿಲು, ಒಂದು ಕಾಫಿ ಲೋಟ, ಗೋಡೆಯ ಮೇಲೊಂದು ಹಲ್ಲಿ ಎಲ್ಲವನ್ನೂ ಜೋಡಿಸಿ ಕೊಡುತ್ತದೆ. ಶುಕ್ರವಾರ ಎಂದರೂ ಅದೇ ಹಲ್ಲಿಯನ್ನು ತಂದು ನಿಲ್ಲಿಸುತ್ತದೆ. ಇಷ್ಟು ಚುರುಕಾದ ನೆನಪನ್ನು ನಾನು ನಂಬುವುದಿಲ್ಲ. ಹಾಗಾಗಿ ವಾರದ ಮಾತು ಬಿಡಿ. ಎರಡು ಸಾವಿರದ ಎಂಟೋ ಒಂಬತ್ತೋ. ತಾಳವಾಡಿಗೆ ಬ್ರಾಡ್‌ಬ್ಯಾಂಡ್ ಬಂದು, ಬಸ್ ಸ್ಟ್ಯಾಂಡಿನ ಹಿಂದೆ ಸೆಲ್ವಿ ಎಂಬಾಕೆ ತನ್ನ ಜೆರಾಕ್ಸ್ ಅಂಗಡಿಯೊಳಗೆ ಪ್ಲೈವುಡ್ ಹಲಗೆ ನಿಲ್ಲಿಸಿ ಬ್ರೌಸಿಂಗ್ ಸೆಂಟರ್ ತೆರೆದ ಕಾಲ. ನನ್ನ ಹೆಂಡತಿ ಮಾದೇವಿ ತನ್ನ ಅಣ್ಣನ ಜೊತೆ ಮಾತು ಬಿಟ್ಟಿದ್ದ ಕಾಲವೂ ಅದೇ. ಇದರಲ್ಲಿ ಮಾತ್ರ ಅನುಮಾನವಿಲ್ಲ. ಅಣ್ಣನಿಗೆ ಬೈಯಬೇಕಾದ್ದನ್ನೆಲ್ಲ ಅವಳು ಆಗ ನನಗೆ ಬೈಯುತ್ತಿದ್ದಳು.

ಜಗಳ ಒಬ್ಬಟ್ಟಿನದು. ಯುಗಾದಿಗೆಂದು ಪಣಕಹಳ್ಳಿಯ ತವರಿಗೆ ಹೋದವಳು ತಾನೇ ಒಬ್ಬಟ್ಟು ತಟ್ಟಿದ್ದಳು. ನಮ್ಮ ಭಾವ ಬಸಪ್ಪನವರು ಒಂದನ್ನು ಎತ್ತಿ ಹಿಡಿದು, ಇದನ್ನು ಬಾಗಿಲ ಸಂದಿಗೆ ಸಿಕ್ಕಿಸಿದರೆ ಗಾಳಿಗೆ ಬಡಿಯುವುದಿಲ್ಲ ಎಂದರು. ಮಾದೇವಿ ಊಟ ಮಾಡದೆ ಎದ್ದುಬಂದಳು. ಅವರೇ ನಮ್ಮ ಬಾಗಿಲಿಗೆ ಬಂದು ಕರೆಯುವವರೆಗೂ ತವರು ತುಳಿಯುವುದಿಲ್ಲ ಎಂದಳು. ಅವಳೇ ತಮ್ಮ ಬಾಗಿಲಿಗೆ ಬರುವವರೆಗೂ ಅವಳ ಮನೆಯ ಕಡೆ ತಲೆ ಹಾಕುವುದಿಲ್ಲ ಎಂದು ಅವರೂ ಹೇಳಿ ಕಳಿಸಿದರು. ನಮ್ಮ ಕಡೆ ಮಾತು ಬಿಟ್ಟವರ ನಡುವೆ ಯಾರು ಮೊದಲು ಯಾರ ಹೊಸಿಲು ತುಳಿದರು ಎಂಬುದೇ ಸೋಲು ಗೆಲುವು. ದಾರಿಯಲ್ಲಿ ಎದುರಾಗಿ ನಕ್ಕರಾಯಿತಲ್ಲ ಎನ್ನುವಂತೆಯೂ ಇಲ್ಲ. ಯಾರು ಯಾರ ಕಡೆ ಎರಡು ಹೆಜ್ಜೆ ಹೆಚ್ಚು ನಡೆದರು ಎಂದು ಹೇಳಲು ಚಹಾದ ಅಂಗಡಿ ತುಂಬ ಸಾಕ್ಷಿಗಳಿರುತ್ತಾರೆ. ಬಸ್ಸಿನಲ್ಲಿ ಸಿಕ್ಕರೆ ಒಬ್ಬರು ಮುಂದಿನ ಬಾಗಿಲಲ್ಲಿ, ಇನ್ನೊಬ್ಬರು ಹಿಂದಿನ ಬಾಗಿಲಲ್ಲಿ ಇಳಿಯುತ್ತಿದ್ದರು. ನಡುವೆ ನಾನು, ಎರಡೂ ಬಾಗಿಲ ಕಡೆ ನೋಡುತ್ತ, ನಮ್ಮ ಸ್ಟಾಪ್ ದಾಟಿಸಿಕೊಂಡು ಹೋಗುತ್ತಿದ್ದೆ.

ಹೀಗಿರುವಾಗ ಮಗಳು ಕವಿತಾಳ ಮದುವೆ ಗೊತ್ತಾಯಿತು. ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆದುಕೊಂಡು ಹೋಗಬೇಕಾದವನು ಸೋದರಮಾವ. ಬಸಪ್ಪ ಮಾವ ಬರದಿದ್ದರೆ ತಾನು ಛತ್ರದ ಕೋಣೆಯಿಂದ ಈಚೆಗೇ ಬರುವುದಿಲ್ಲ ಎಂದು ಕವಿತಾ ತಣ್ಣಗೆ ಹೇಳಿದಳು. ನಾನು ಮೇಷ್ಟ್ರು. ಕಷ್ಟ ಬಂದಾಗ ಪತ್ರಿಕೆ ಓದುವವನು. ಅದರಲ್ಲಿ ಬಂದಿತ್ತು: ಕಂಪ್ಯೂಟರಿನೊಳಗೊಂದು ಲೋಕವಿದೆ, ಜನ ಅಲ್ಲಿ ಬೊಂಬೆಗಳಾಗಿ ಓಡಾಡುತ್ತಾರೆ, ಭೇಟಿಯಾಗುತ್ತಾರೆ, ಮುಂದೆ ಮನುಷ್ಯ ಸಂಬಂಧಗಳೆಲ್ಲ ಅಲ್ಲೇ ನಡೆಯಲಿವೆ. ಅಲ್ಲಿಗೆ ಹೊಸದಾಗಿ ಹೋದವರನ್ನು ಯಂತ್ರವೇ ಒಂದು ನಡುಗಡ್ಡೆಯ ಮೇಲೆ ಇಳಿಸುತ್ತದಂತೆ. ಅಲ್ಲಿ ಯಾರೂ ಯಾರ ಕಡೆಗೂ ನಡೆಯಬೇಕಿಲ್ಲ. ಸೋದರಮಾವಂದಿರಿಗೆಂದೇ ಮಾಡಿದ ಜಾಗ. ಮೊಪೆಡ್ ಹತ್ತಿ ಪಣಕಹಳ್ಳಿಗೆ ಹೋಗಿ ಭಾವನಿಗೆ ವಿವರಿಸಿದೆ. ಅವರು ಜೋಳದ ತೆನೆ ಸುಲಿಯುವುದನ್ನು ನಿಲ್ಲಿಸದೆ ಒಂದೇ ಪ್ರಶ್ನೆ ಕೇಳಿದರು.

"ಅಲ್ಲಿ ಬಾಗ್ಲು ಅದಾ?"

ಇಲ್ಲ ಎಂದೆ.

"ಅಂಗಾದ್ರೆ ಬತ್ತೀನಿ."

ತಾಳವಾಡಿಯಲ್ಲಿದ್ದದ್ದು ಒಂದೇ ಸೆಂಟರು. ಆದ್ದರಿಂದ ದೂರವನ್ನು ಗೆಲ್ಲಲೆಂದು ಹುಟ್ಟಿದ ಆ ಲೋಕಕ್ಕೆ ಅಣ್ಣ ತಂಗಿ ಇಬ್ಬರೂ ಒಂದೇ ಪ್ಲೈವುಡ್ ಹಲಗೆಯ ಆಚೆ ಈಚೆ ಕೂತು ಹೊರಟರು. ಆಚೆ ಭಾವನ ಪರವಾಗಿ ಟೈಪ್ ಮಾಡಲು ಸೆಲ್ವಿ, ಈಚೆ ಮಾದೇವಿಯ ಪರವಾಗಿ ನಾನು. ಅಲ್ಲಿ ಯಾರೂ ಮುಳುಗುವುದಿಲ್ಲ, ಬಿದ್ದರೂ ಪೆಟ್ಟಾಗುವುದಿಲ್ಲ ಎಂದು ದಾರಿಯುದ್ದಕ್ಕೂ ಅವಳಿಗೆ ಪಾಠ ಹೇಳಿಕೊಂಡು ಬಂದಿದ್ದೆ. ಅವಳ ಬೊಂಬೆ ತೆರೆಯ ಮೇಲೆ ಮೂಡಿತು. ಅದರ ಬಟ್ಟೆ ಮಾತ್ರ ನಿಧಾನವಾಗಿ ಬರುತ್ತಿತ್ತು. ಮಾದೇವಿ ಸೆರಗಿನಿಂದ ಮಾನಿಟರನ್ನೇ ಮುಚ್ಚಿದಳು. ಕೊನೆಗೆ ಬಂದದ್ದು ತುಂಡು ಲಂಗ. "ನಮ್ಮಣ್ಣನ್ ಮುಂದ ಇದ್ರಲ್ಲಿ ನಿಂತ್ಕಳನಾ? ಮೊದ್ಲು ಸೀರೆ ಉಡ್ಸಿ," ಎಂದಳು. ಆ ಲೋಕದಲ್ಲಿ ಎಲ್ಲವೂ ಸಾಧ್ಯ ಎಂದು ಪತ್ರಿಕೆ ಬರೆದಿತ್ತು, ಸೀರೆ ಸಾಧ್ಯವಿರಲಿಲ್ಲ. ಹುಡುಕಿ ಹುಡುಕಿ ಪಾದದವರೆಗೆ ಬರುವ ಒಂದು ಕರಿಯ ಕೋಟು ತೊಡಿಸಿದೆ. ಆಚೆ ಕಡೆ ಭಾವನಿಗೆ ಮುಳ್ಳುಹಂದಿಯಂಥ ಹಳದಿ ಕೂದಲಿನ ತರುಣ ಸಿಕ್ಕಿದ್ದ. ಕೂದಲಿಗೆ ಅವರ ತಕರಾರಿರಲಿಲ್ಲ, ಹಣೆಯಲ್ಲಿ ವಿಭೂತಿ ಇಲ್ಲವಲ್ಲ ಎಂಬುದೇ ಸಂಕಟ. ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ಗಾಜಿನ ಮೇಲೆ, ಸರಿಯಾಗಿ ಆ ಹಣೆಯ ಜಾಗದಲ್ಲಿ ಎಳೆದರು. ತರುಣ ಒಂದು ಹೆಜ್ಜೆ ಸರಿದ, ವಿಭೂತಿ ಆಕಾಶದಲ್ಲೇ ಉಳಿಯಿತು. "ಐಯಾ, ಸ್ಕ್ರೀನ್ ಪಾಳಾಗತ್ತೆ," ಎಂದು ಸೆಲ್ವಿ ತನ್ನ ತಮಿಳುಗನ್ನಡದಲ್ಲಿ ಗೋಳಾಡುವುದು ನಮಗೆ ಕೇಳಿಸುತ್ತಿತ್ತು.

ಕೊನೆಗೂ ಭೇಟಿ ಕೂಡಿಬಂತು. ಕರಿಕೋಟಿನಾಕೆ, ಹಳದಿ ಕೂದಲಿನವನು ಎದುರುಬದುರು ನಿಂತಿದ್ದಾರೆ. ನಾನು, ಸೆಲ್ವಿ ಬೆರಳು ಸಿದ್ಧಮಾಡಿಕೊಂಡು ಕೂತಿದ್ದೇವೆ. ಹಲಗೆಯ ಆಚೆ ಭಾವ ಕೆಮ್ಮಿದರು, ಈಚೆ ಬಳೆ ಸದ್ದಾಯಿತು. ಯಾರೂ ಒಂದಕ್ಷರ ಹೇಳಲೊಲ್ಲರು. ಬಾಗಿಲಿಲ್ಲದ ಲೋಕಕ್ಕೂ ಇವರು ಹೊಸಿಲು ಹೊತ್ತು ತಂದಿದ್ದರು. ಮದುವೆ ಮುರಿದಂತೆಯೇ ಎಂದುಕೊಂಡೆ. ಆಗ ಮಾದೇವಿ, ಆ ಕಡೆ ಏನಿದೆ ನೋಡೋಣ ಎಂದು ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು. ಕರಿಕೋಟು ತಿರುಗಿ ದಂಡೆಯ ಕಡೆ ನಡೆಯಿತು. ನೀರು ಪಾದಕ್ಕೆ ಬಂತು, ಮಂಡಿಗೆ ಬಂತು, ಸೊಂಟಕ್ಕೆ ಬಂತು.

"ಏ ಮಾದೇವಿ, ನೀರು ಕಣವ್ವ. ಇಂದಕ್ಕ ಬಾ. ಈಜು ಬರದಿಲ್ಲ ನಿಂಗ."

ಆಚೆ ಕುರ್ಚಿ ಬಿದ್ದ ಸದ್ದು. ಹಲಗೆಯ ಮೇಲಿಂದ ಭಾವನ ನಿಜವಾದ ತಲೆ, ನಿಜವಾದ ವಿಭೂತಿಯೊಂದಿಗೆ ಎದ್ದಿತು. ಮಾದೇವಿ ಮೇಲೆ ನೋಡಿದಳು.

"ನೆಲ ಸಿಕ್ತಾ ಅದೆ, ಸುಮ್ನಿರಣ್ಣ."

"ಎಲ್ಲಿ ಸಿಕ್ತದೆ? ತಲೆನೇ ಕಾಣ್ತಾ ಇಲ್ಲ. ಆ ಒಬ್ಬಟ್ಟು ತಿಂದೋರು ತೇಲ್ತಾರಾ?"

"ತಿಂದೋನು ನೀನು. ಬೈಕಂಡು ಬೈಕಂಡು ಮೂರು ತಿಂದೆ."

ಅಷ್ಟರಲ್ಲಿ ಕರೆಂಟು ಹೋಯಿತು. ಇಬ್ಬರೂ ಅದನ್ನು ಗಮನಿಸಲಿಲ್ಲ. ಹಲಗೆಯ ಮೇಲಿಂದಲೇ ಮದುವೆಯ ದಿನ, ಛತ್ರ, ಅಡಿಗೆಯವರು, ಯಾವ ಬೀಗರು ಮುನಿಸಿಕೊಳ್ಳಬಹುದು ಎಲ್ಲ ತೀರ್ಮಾನವಾಯಿತು. ಸೆಲ್ವಿ ಎಲ್ಲರಿಗೂ ಚಹಾ ತರಿಸಿದಳು.

ಕವಿತಾಳ ಕೈ ಹಿಡಿದು ಭಾವ ಮಂಟಪಕ್ಕೆ ನಡೆದದ್ದನ್ನು ಕಂಡು ನಾನು ಬೀಗಿದೆ. ಕಂಪ್ಯೂಟರ್ ಲೋಕ ಒಡೆದ ಸಂಸಾರಗಳನ್ನು ಹೇಗೆ ಒಂದು ಮಾಡಬಲ್ಲದು ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಕೊಟ್ಟೆ. ಎಲ್ಲರೂ ನನ್ನನ್ನು ಹೊಗಳಿದರು, ಮಾದೇವಿಯೂ ತಲೆಯಾಡಿಸಿದಳು. ಅವಳು ತಲೆಯಾಡಿಸಿದ ರೀತಿಯೇ ನನ್ನ ನೆಮ್ಮದಿ ಕೆಡಿಸಿತು. ಅಂದು ನೀರಿಗೇಕೆ ಇಳಿದೆ ಎಂದು ಕೇಳಿದೆ. ಕೀಬೋರ್ಡಿನ ಗುಂಡಿ ಅಂಟಿಕೊಂಡಿತ್ತು ಎಂದಳು. ತನ್ನ ಅಂಗಡಿಯ ಯಾವ ಗುಂಡಿಯೂ ಅಂಟುವುದಿಲ್ಲ ಎಂದು ಸೆಲ್ವಿ ಇಂದಿಗೂ ಆಣೆ ಮಾಡುತ್ತಾಳೆ. ಪಕ್ಕದಲ್ಲೇ ಕೂತಿದ್ದ ನಾನು ತೆರೆಯನ್ನು ನೋಡುತ್ತಿದ್ದೆ, ಅವಳ ಬೆರಳನ್ನಲ್ಲ. ಗುಂಡಿ ಅಂಟಿತ್ತೋ, ಅವಳೇ ಒತ್ತಿ ಹಿಡಿದಿದ್ದಳೋ, ನನಗೆ ಗೊತ್ತಿಲ್ಲ.