ಕುಣಿದರೆ ಏನಾಗುತ್ತದೆ, ಚಿಗವ್ವಾ?

ನಮ್ಮ ಚಿಗವ್ವನ ಎದುರಿಗೆ ಕೂತು 'ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ' ಎಂದು ಹೇಳಿ ಗೆದ್ದು ಬಂದವರು ಇಡೀ ಹುನಗುಂದ ತಾಲೂಕಿನಲ್ಲಿ ಯಾರೂ ಇಲ್ಲ! "ಯಾವ ತಿಂಗಳದಾಗ?" ಎಂದು ಕೇಳಿಬಿಡುತ್ತಾಳೆ. ಆಮೇಲೆ ಸೂರ್ಯ ನೆಟ್ಟಗೆ ಪೂರ್ವಕ್ಕೆ ಹುಟ್ಟುವುದು ವರ್ಷಕ್ಕೆ ಎರಡೇ ದಿನವೆಂದೂ, ಉಳಿದ ದಿನ ಆಚೀಚೆ ಸರಿಯುತ್ತಾನೆಂದೂ ವಿವರಿಸಿ, ನಮ್ಮ ತಟ್ಟೆಯಲ್ಲಿನ ಚುರುಮುರಿ ಮೆತ್ತಗಾಗುವವರೆಗೆ ಬಿಡುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಪ್ರಶ್ನೆ ಕೇಳುವ ಕೆಲಸಕ್ಕೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿಲ್ಲ.

ಇಂಥವಳನ್ನು ಕಟ್ಟಿಕೊಂಡ ನಮ್ಮ ಕಾಕಾ ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿದ್ದ. ಯಾವ ಮಾತಿಗೂ ಪುರಾವೆ ಬೇಡದ ಮನುಷ್ಯ. "ಈ ಬಣ್ಣ ನಿಮಗ ಭಾಳ ಒಪ್ಪತೈತ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ, ತಾನೂ ಅದನ್ನು ನಂಬುತ್ತಿದ್ದ! ವಯಸ್ಸಾದ ಮೇಲೆ ಅವನಿಗೆ ಪಾರ್ಕಿನ್ಸನ್ ರೋಗ ಶುರುವಾಗಿ ಕೈ ನಡುಗತೊಡಗಿತು. "ಮೊದಲ ನಾ ಸೀರಿ ಝಾಡಿಸಿ ತೋರಸ್ತಿದ್ದೆ. ಈಗ ಹಿಡಕೊಂಡು ನಿಂತ್ರ ಸಾಕು, ಸೀರಿ ತಾನ ಝಾಡಿಸ್ಕೋತೈತಿ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದ. ಆಮೇಲೆ ಕಾಲೂ ಕೈ ಕೊಟ್ಟಿತು. ನಡೆಯುತ್ತ ನಡೆಯುತ್ತ ಹೊಸ್ತಿಲ ಹತ್ತಿರ ಬಂದರೆ ಪಾದ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಿದ್ದ.

ಬಾಗಲಕೋಟೆಯ ಒಂದು ದವಾಖಾನೆಗೆ ಕುಣಿತದಿಂದ ಚಿಕಿತ್ಸೆ ಕೊಡುವ ಹುಡುಗಿ ಬಂದಿದ್ದಾಳೆ ಎಂದು ಯಾರೋ ಹೇಳಿದರು. ಹೋದೆವು. ಆಕೆ ಮೇಜಿನ ಮೇಲೆ ಹಲಗಿ ಬಾರಿಸಿದ ಹಾಗೆ ತಾಳ ಹಾಕಿದಳು, ಕಾಕಾನ ಎರಡೂ ಕೈ ಹಿಡಿದು ತೂಗಿದಳು, ನಕ್ಕಳು. ಬಾಗಿಲಲ್ಲಿ ಗಕ್ಕನೆ ನಿಂತಿದ್ದ ಕಾಕಾ ಕುಣಿಯುತ್ತಲೇ ಆಚೆಗೆ ದಾಟಿಬಿಟ್ಟ! ನಾವೆಲ್ಲ ಚಪ್ಪಾಳೆ ಹೊಡೆದೆವು. ಚಿಗವ್ವ ಹೊಡೆಯಲಿಲ್ಲ.

"ಮುಂಜಾನಿ ಗುಳಗಿ ಎಷ್ಟೊತ್ತಿಗೆ ತಗೊಂಡಿದ್ರಿ?" ಎಂದು ಗಂಡನನ್ನು ಕೇಳಿದಳು.

"ಗುಳಗಿ ಏನ್ ಮಾಡತೈತಿ? ಆ ಹುಡುಗಿ ನಕ್ಕಳು, ನಾ ನಡದೆ!"

"ಹಂಗಾದ್ರ ಅದನ್ನೂ ಪರೀಕ್ಷಾ ಮಾಡಬೇಕಾಗತೈತಿ" ಎಂದಳು ಚಿಗವ್ವ, ಒಂದಿಷ್ಟೂ ನಗದೆ.

ಕಾಕಾನನ್ನು ನಡೆಸಿದ್ದು ಗುಳಿಗೆಯೋ, ತಾಳವೋ, ನಗುವೋ? ದಿನಾ ಸಂಜೆ ಗಂಡ ಹೆಂಡಿರ ನಡುವೆ ಇದೇ ಜಗಳ. ಅವನು ವಾರವಾರ ಬಾಗಲಕೋಟೆಗೆ ಹೋಗಿ ಕುಣಿದು ಬರುತ್ತಿದ್ದ, ಇವಳು ವಾರವಾರ ಸಂಶಯಪಡುತ್ತಿದ್ದಳು. ಜಗಳ ತೀರ್ಮಾನವಾಗುವ ಮೊದಲೇ ಕಾಕಾ ಹೋಗಿಬಿಟ್ಟ.

ಅವನ ನೆನಪಿಗೆ ಏನಾದರೂ ಮಾಡಬೇಕೆಂಬ ಮಾತು ಬಂದಾಗ ಬೀಗರೊಬ್ಬರು, "ಬಸ್ ಸ್ಟ್ಯಾಂಡಿನಾಗ ಒಂದು ಕಲ್ಲಿನ ಬೆಂಚ್ ಹಾಕಿಸಿ ಹೆಸರು ಕೆತ್ತಸ್ರಿ" ಎಂದರು.

"ನಡೀಬೇಕು ನಡೀಬೇಕು ಅಂತ ಒದ್ದಾಡಿದವರ ಹೆಸರಿಲೆ ಕುಂದರೂ ಬೆಂಚ್ ಯಾಕ್ರಿ?" ಎಂದಳು ಚಿಗವ್ವ.

ಚಿಗವ್ವ ಇಳಕಲ್ಲಿನ ಅಂಗಡಿ ಮಾರಿ, ಕಾಕಾನ ಹೆಸರಿನಲ್ಲಿ ನೃತ್ಯ ಚಿಕಿತ್ಸೆಯ ಸಂಶೋಧನೆಗೆ ನೆರವಾಗುವ ಒಂದು ಸ್ಮಾರಕ ಪ್ರತಿಷ್ಠಾನ ತೆಗೆದೇಬಿಟ್ಟಳು. ಹೇಳಿದಲ್ಲಿ ಸಹಿ ಹಾಕುವವನೊಬ್ಬ ಬೇಕಾಗಿದ್ದರಿಂದ ನಾನು ಕಾರ್ಯದರ್ಶಿ!

ಬೋರ್ಡು ಬರೆದ ಪೇಂಟರ್ ಜಾಗ ಸಾಲದೆ 'ಚಿಕಿತ್ಸೆ', 'ಸಂಶೋಧನೆ' ಎಂಬುದನ್ನೆಲ್ಲ ಇರುವೆ ಗಾತ್ರಕ್ಕೆ ಇಳಿಸಿಬಿಟ್ಟಿದ್ದ. ರಸ್ತೆಯ ಮೇಲಿನವರಿಗೆ ಕಂಡದ್ದು 'ನೃತ್ಯ' ಒಂದೇ! ಅಮೀನಗಡದ ಆರ್ಕೆಸ್ಟ್ರಾದವರು ಕರದಂಟಿನ ಡಬ್ಬಿ ಹಿಡಿದುಕೊಂಡು ಬಂದು, ಸ್ಟೇಜಿಗೆ ಬಣ್ಣದ ಲೈಟು ಕೊಡಿಸಿ ಎಂದು ಕೂತರು. ಓಣಿಯ ಹಿರಿಯರೊಬ್ಬರು ಬುದ್ಧಿ ಹೇಳಲೆಂದೇ ಬಂದರು.

"ತಂಗೀ, ಗಂಡ ಹೋಗಿ ವರ್ಷ ತುಂಬಿಲ್ಲ. ಮಂದೀನ ಕುಣಿಸಾಕ ಹೊಂಟಿಯಲ್ಲವ್ವಾ!"

"ಕುಣಿಸೂದಲ್ರಿ ಅಣ್ಣಾರ, ಕುಣಿದ್ರ ಏನಾಗತೈತಿ ಅಂತ ನೋಡೂದು. ನಿಮ್ಮ ಮೊಣಕಾಲು ಹೆಂಗದಾವು? ಬರ್ತೀರೇನು?"

ಹಿರಿಯರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಅವರು ಅಷ್ಟು ಚುರುಕಾಗಿ ನಡೆದದ್ದನ್ನು ನಾನು ಅವತ್ತೇ ನೋಡಿದ್ದು!

ಸಂಶೋಧಕರ ಸಂದರ್ಶನ ಮನೆಯ ಪಡಸಾಲೆಯಲ್ಲೇ ನಡೆಯಿತು. ಮೊದಲು ಬಂದ ಯುವಕ, "ಕುಣಿತದಿಂದ ಎಲ್ಲಾ ರೋಗ ವಾಸಿ ಆಗ್ತಾವ್ರಿ" ಎಂದ.

"ಎಲ್ಲಾನೂ ಗೊತ್ತೈತಿ ಅಂದಮ್ಯಾಲೆ ಸಂಶೋಧನಾ ಯಾಕಪಾ? ಮನಿಗೆ ಹೋಗು."

ಆಮೇಲೆ ಬಂದ ಧಾರವಾಡದ ಹುಡುಗಿ, "ಆಗತೈತೋ ಇಲ್ಲೋ ನನಗ ಗೊತ್ತಿಲ್ರಿ. ಅದನ್ನ ನೋಡಬೇಕು ಅಂತ ಬಂದೇನಿ" ಎಂದಳು. ಚಿಗವ್ವ ನನ್ನತ್ತ ತಿರುಗಿ, "ಈಕಿಗೆ ಬರೇ ಚಹಾ ಸಾಲೂದಿಲ್ಲ, ಊಟಕ್ಕ ನೀಡು!" ಎಂದಳು. ನೇಮಕಾತಿ ಮುಗಿಯಿತು.

ಸಂಶೋಧನೆ ಬಾದಾಮಿಯ ಒಂದು ಸಮುದಾಯ ಭವನದಲ್ಲಿ. ಮಹಾಕೂಟದ ಕಡೆಯಿಂದ, ಸುತ್ತಲಿನ ಹಳ್ಳಿಗಳಿಂದ ಕೈಕಾಲು ನಡುಗುವ ಹಿರಿಯರು ಬರುತ್ತಿದ್ದರು. ಅವರಲ್ಲಿ ಎರಡು ಗುಂಪು. ಒಂದು ಒಳಗೆ ತಾಳಕ್ಕೆ ಕುಣಿಯುವುದು, ಇನ್ನೊಂದು ಹೊರಗಿನ ಅಂಗಳದಲ್ಲಿ ಸುಮ್ಮನೆ ನಡೆಯುವುದು. ಯಾವುದರಿಂದ ಹೆಚ್ಚು ಉಪಯೋಗವೆಂದು ತಾಳೆ ನೋಡುವುದು. ಎರಡೂ ಗುಂಪಿಗೆ ಒಂದೇ ಚಹಾ, ಅಷ್ಟೇ ಸಕ್ಕರೆ. ತಾಳ ಹಾಕಿ ಕುಣಿಸುತ್ತಿದ್ದ ಧಾರವಾಡದ ಹುಡುಗಿಯ ಮೇಲೆ ಚಿಗವ್ವನ ತಕರಾರು ಬೇರೆಯೇ ಇತ್ತು.

"ಕುಣಿಯೋರ ಮುಂದ ಭಾಳ ನಗ್ತಿಯವ್ವಾ ನೀ. ನಡಿಯೋರಿಗೂ ಅಷ್ಟ ನಗಬೇಕು. ಇಲ್ಲಾಂದ್ರ ನಡಸಿದ್ದು ಕುಣಿತೋ ನಿನ್ನ ನಗುವೋ ಗೊತ್ತಾಗೂದಿಲ್ಲ."

ಪಾಪ, ಹುಡುಗಿ ಸಂಜೆಯ ಹೊತ್ತಿಗೆ ನಕ್ಕು ನಕ್ಕು ನೊಂದ ಗಲ್ಲ ತಿಕ್ಕಿಕೊಳ್ಳುತ್ತಿದ್ದಳು! ನಡೆಯುವ ಗುಂಪಿನ ಅಜ್ಜಿಯೊಬ್ಬಳು ಕಿಟಕಿಯಲ್ಲಿ ಇಣುಕಿ, "ಅವರು ಕುಣೀತಾರ, ನಾವೇನ್ ಪಾಪ ಮಾಡೇವಿ?" ಎಂದು ದಿನಾ ಜಗಳ ತೆಗೆಯುತ್ತಿದ್ದಳು. ಆಕೆಯನ್ನು ಅಂಗಳಕ್ಕೆ ವಾಪಸು ಅಟ್ಟುವುದೇ ಕಾರ್ಯದರ್ಶಿಯಾದ ನನ್ನ ಮುಖ್ಯ ಉದ್ಯೋಗ.

ಒಂದು ದಿನ ಚಹಾದ ಹೊತ್ತಿಗೆ ಆ ಹುಡುಗಿ ಸಹಜವಾಗಿ ಕೇಳಿದಳು: "ಅಕ್ಕಾರ, ನಿಮ್ಮ ಮನಿಯವರು ಹೆಂಗ ಕುಣೀತಿದ್ರು?"

ಚಿಗವ್ವ ಕಪ್ಪು ಕೆಳಗಿಟ್ಟಳು. ಎದ್ದು ಭವನದ ಮಧ್ಯಕ್ಕೆ ಹೋದಳು. "ಹಿಂಗ" ಎಂದು ಬಲಗೈಯನ್ನು ಎದೆಯ ಹತ್ತಿರ ಮಡಚಿ ಸಣ್ಣಗೆ ನಡುಗಿಸಿದಳು. ಎಡಗೈಯನ್ನು ಸೆರಗು ಹರವಿ ತೋರಿಸುವವನಂತೆ ಅಗಲಕ್ಕೆ ಚಾಚಿದಳು. ಒಂದು ಪುಟ್ಟ ಹೆಜ್ಜೆ, ಸ್ವಲ್ಪ ತಡೆದು ಮತ್ತೊಂದು, ಆಮೇಲೆ ಭುಜ ಕುಲುಕಿಸಿ ಕತ್ತು ಓರೆ ಮಾಡಿದಳು. ಥೇಟ್ ಕಾಕಾ!

ಕುರ್ಚಿಗಳಲ್ಲಿದ್ದ ಹಿರಿಯರು ಇದು ಇವತ್ತಿನ ಹೊಸ ಪಾಠವೆಂದು ತಿಳಿದರು. ಒಬ್ಬ ಅಜ್ಜ ಎದ್ದು ಕೈ ಮಡಚಿದ. ಇನ್ನೊಬ್ಬ ಎಡಗೈ ಚಾಚಿದ. ನೋಡನೋಡುತ್ತಿದ್ದಂತೆ ಎಲ್ಲರೂ ಎದ್ದು ಹೆಜ್ಜೆ ಹಾಕತೊಡಗಿದರು. ಅಂಗಳದವರೂ ಯಾರ ಅಪ್ಪಣೆಗೂ ಕಾಯದೆ ಒಳಗೆ ನುಗ್ಗಿ ಭುಜ ಕುಲುಕಿಸಿದರು.

"ಅಕ್ಕಾರ, ಎರಡೂ ಗುಂಪು ಕೂಡಿಬಿಟ್ಟಾವ್ರಿ! ಪ್ರಯೋಗ ಕೆಡತೈತಿ, ನಿಲ್ಲಸ್ಲೇನು?" ಹುಡುಗಿ ಗಾಬರಿಯಿಂದ ಕೇಳಿದಳು.

ಚಿಗವ್ವ ತನ್ನ ಕುಣಿತ ನಿಲ್ಲಿಸಿ ಗೋಡೆಗೆ ಆತುಕೊಂಡಿದ್ದಳು. ಆ ಭವನದ ತುಂಬ ಎತ್ತ ನೋಡಿದರೂ ಕಾಕಾ ಕುಣಿಯುತ್ತಿದ್ದ.

"ಇರ್ಲಿ ಬಿಡವ್ವಾ," ಎಂದಳು, "ಅವರನ್ನ ನೋಡಿ ಭಾಳ ದಿನ ಆಗಿತ್ತು."