ನಿದ್ರಾ ಸಂರಕ್ಷಣಾಧಿಕಾರಿಯ ಬೋನಸ್ಸು

ನನ್ನ ಹೆಂಡತಿ ಜ್ಯೋತಿಲಕ್ಷ್ಮಿ ವಿಮಾನ ಹಾರಿಸುತ್ತಾಳೆ. ನಾನು ಬಸವೇಶ್ವರನಗರದಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಅವಳು ದಿನಕ್ಕೆ ನಾಲ್ಕು ಊರು ನೋಡಿದರೆ ನಾನು ದಿನಕ್ಕೆ ನಾನೂರು ಆಧಾರ್ ಕಾರ್ಡ್ ನೋಡುತ್ತೇನೆ. "ನಮ್ಮನೇಲಿ ಹಾರೋಳು ಸೊಸೆ, ಹಾರಾಡೋನು ಮಗ" ಎಂದು ನಮ್ಮಮ್ಮ ಪಾಪಮ್ಮ ಬಂದವರಿಗೆಲ್ಲ ಹೇಳುತ್ತಾಳೆ. (ಹೆತ್ತ ತಾಯಿ!)

ಕಳೆದ ವರ್ಷ ಗಣೇಶನ ಹಬ್ಬದ ಹೊತ್ತಿಗೆ ಹೆಂಡತಿಯ ವಿಮಾನ ಕಂಪನಿಯಲ್ಲಿ ಪೈಲಟ್‌ಗಳಿಗೆ ಬರ ಬಂತು. ವಿಶ್ರಾಂತಿಯ ನಿಯಮ ಬಿಗಿಯಾಗಿ, ಇದ್ದ ಪೈಲಟ್‌ಗಳೆಲ್ಲ ಕಾನೂನುಬದ್ಧವಾಗಿ ಮಲಗತೊಡಗಿದ್ದರು. ಆಗ ಕಂಪನಿಯವರು ಒಂದು ಆಸೆ ತೋರಿಸಿದರು. ದೀಪಾವಳಿಯವರೆಗೆ ನಲವತ್ತೈದು ದಿನ ತಮ್ಮ ಸ್ವಂತ ರಜೆಗಳನ್ನು ಬಿಟ್ಟುಕೊಟ್ಟು, ಕೊಟ್ಟ ಒಂದು ಫ್ಲೈಟನ್ನೂ ಬೇಡ ಎನ್ನದೆ ಹಾರಿಸಿದವರಿಗೆ ಮೂರು ಲಕ್ಷ ಬೋನಸ್ಸು. ಅರ್ಧ ನಡುವೆ, ಇನ್ನರ್ಧ ಕೊನೆಗೆ.

"ನಂಗೆ ಬೇಡ ಕಣ್ರೀ" ಅಂದಳು ಜ್ಯೋತಿ. "ಈಗ್ಲೇ ಸಾಕಾಗಿದೆ. ಗುವಾಹಟಿ ಹೋಟೆಲಲ್ಲಿ ಹದಿನಾಲ್ಕು ಗಂಟೆ ಗೋಡೆ ನೋಡ್ಕೊಂಡು ಕೂರಿಸ್ತಾರೆ, ಅದನ್ನ ರೆಸ್ಟ್ ಅಂತ ಬರ್ಕೋತಾರೆ. ಮನೆಗೆ ಬಂದು ಕಣ್ಣು ಮುಚ್ಚಿದ್ರೆ ಡ್ಯೂಟಿ ಬದಲಾಗಿದೆ ಅಂತ ಮೆಸೇಜ್ ಬರುತ್ತೆ."

"ಮೂರು ಲಕ್ಷ ಕಣೇ!"

"ನನ್ನ ನಿದ್ದೆ ಕಣ್ರೀ!"

"ನಿದ್ದೆ ವಿಷಯ ನನಗೆ ಬಿಡು. ನೀನು ಹಾರ್ಸು, ನಾನು ಮಲಗಿಸ್ತೀನಿ."

ನಾನು ಇಷ್ಟು ಧೈರ್ಯವಾಗಿ ಮಾತಾಡಲು ಕಾರಣವಿತ್ತು. ಹಾಲ್‌ನಲ್ಲಿ ಹಿತ್ತಾಳೆ ಸರಪಳಿಯ ತೇಗದ ಉಯ್ಯಾಲೆ ಹಾಕಿಸಿ, ಅದರ ಮೇಲೆ ಕೂತು ಕಾಫಿ ಕುಡಿಯಬೇಕೆಂಬುದು ನನ್ನ ಬಹುಕಾಲದ ಮಹದಾಸೆ. ಜ್ಯೋತಿ ಮೂರು ದಿನ ಬೇಡ ಅಂದಳು. ನಾಲ್ಕನೇ ದಿನ ನನ್ನ ಬಾಯಿ ಮುಚ್ಚಿಸುವುದಕ್ಕಾಗಿಯೇ ಒಪ್ಪಿ ಸಹಿ ಹಾಕಿದಳು. ಅಂದೇ ಸಂಜೆ ನಾನು ಮರಗೆಲಸದವನಿಗೆ ನಲವತ್ತು ಸಾವಿರ ಅಡ್ವಾನ್ಸ್ ಕೊಟ್ಟು ಬಂದೆ.

ಮರುದಿನದಿಂದ ನಾನು ನಿದ್ರಾ ಸಂರಕ್ಷಣಾಧಿಕಾರಿಯಾದೆ. ಅವಳ ಡ್ಯೂಟಿ ಹೆಚ್ಚಾಗಿ ಕೋಳಿ ಕೂಗುವ ಮೊದಲೇ ಶುರು. ಹಾಗಾಗಿ ಮಧ್ಯಾಹ್ನ ಎರಡಕ್ಕೆಲ್ಲ ಮಲಗಬೇಕು. ಬಸವೇಶ್ವರನಗರ ಸರಿಯಾಗಿ ಎಚ್ಚರಗೊಳ್ಳುವುದೇ ಆ ಹೊತ್ತಿಗೆ! ಸ್ವಂತ ಜೆರಾಕ್ಸ್ ಅಂಗಡಿ ಇರುವುದು ಇನ್ಯಾತಕ್ಕೆ? "ಪೈಲಟ್ ಮಲಗಿದ್ದಾರೆ. ದಯವಿಟ್ಟು ಶಬ್ದ ಮಾಡಬೇಡಿ" ಎಂದು ಅರವತ್ತು ಪ್ರತಿ ತೆಗೆದು ಬೀದಿಯುದ್ದಕ್ಕೂ ಅಂಟಿಸಿದೆ. ಎದುರು ಮನೆಯ ಕೃಷ್ಣಯ್ಯನವರು ನಿವೃತ್ತರು, ದಿನಾ ಮೂರು ಗಂಟೆಗೆ ಹಾರ್ಮೋನಿಯಂ ನುಡಿಸುವವರು. ಅವರ ಮನೆಗೆ ನಾನೇ ಹೋದೆ.

"ಸಾರ್, ಆಕೆ ಮಲಗದಿದ್ರೆ ಪ್ಲೇನ್ ಏನಾಗುತ್ತೆ ಅಂತ ಯೋಚನೆ ಮಾಡಿ" ಅಂದೆ.

"ಅಯ್ಯೋ, ನಮ್ಮ ಮಗಳು ಶುಕ್ರವಾರ ದೆಹಲಿಗೆ ಹೋಗ್ತಾಳಪ್ಪ!" ಎಂದು ಗಾಬರಿಯಾದ ಅವರು ಹಾರ್ಮೋನಿಯಂಗೆ ಕಂಬಳಿ ಹೊದಿಸಿಬಿಟ್ಟರು. ಮಗಳು ಸುಖವಾಗಿ ವಾಪಸ್ ಬಂದರೂ ಕಂಬಳಿ ತೆಗೆಯಲಿಲ್ಲ.

ಸೊಪ್ಪಿನ ಗುರುದೇವಿಯ ಗಂಟಲು ಇಡೀ ಬಡಾವಣೆಗೇ ಪ್ರಸಿದ್ಧ. ಅವಳೂ ನಮ್ಮ ಬೀದಿಗೆ ಬಂದಕೂಡಲೇ ಒಂದೊಂದು ಬಾಗಿಲಿಗೂ ಬಾಯಿ ಹಚ್ಚಿ, ಯಾವುದೋ ಗುಟ್ಟು ಹೇಳುವವಳ ಹಾಗೆ "ದಂಟು... ಮೆಂತ್ಯ... ಸಬ್ಬಸಿಗೆ..." ಎಂದು ಪಿಸುಗುಟ್ಟತೊಡಗಿದಳು. ಕಳ್ಳಮಾಲು ಮಾರುತ್ತಿದ್ದಾಳೇನೋ ಎಂದು ಹೊಸ ಬಾಡಿಗೆದಾರರೊಬ್ಬರು ವಿಚಾರಿಸಿಕೊಂಡು ಹೋದರು.

ಮನೆಯೊಳಗೆ ಕುಕ್ಕರ್ ಬಂದ್. ಮಿಕ್ಸಿ ಬಂದ್. ಅಮ್ಮ ಕೆಮ್ಮು ಬಂದರೆ ಟೆರೇಸಿಗೆ ಹೋಗಬೇಕು.

"ಮೂವತ್ತೆರಡು ಮೆಟ್ಲು ಹತ್ತೋ ಹೊತ್ಗೆ ಕೆಮ್ಮೇ ನಿಂತ್ಹೋಗುತ್ತೆ ಕಣೋ" ಅಂದಳು ಅಮ್ಮ.

"ಒಳ್ಳೇದೇ ಆಯ್ತಲ್ಲಮ್ಮ, ಔಷಧಿ ಖರ್ಚು ಉಳೀತು."

"ಇಳಿಯೋವಾಗ ಮತ್ತೆ ಬರುತ್ತೆ."

ಇಷ್ಟೆಲ್ಲ ಮಾಡಿದರೂ ಜ್ಯೋತಿಯ ಕಣ್ಣು ಮಾತ್ರ ದಿನೇದಿನೇ ಕೆಂಪಾಗುತ್ತಿತ್ತು. ನಿದ್ದೆ ಬಂತಾ ಎಂದು ಕೇಳಿದರೆ ನನ್ನನ್ನು ಒಂದು ಥರ ನೋಡಿ ಯೂನಿಫಾರ್ಮ್ ಹಾಕಿಕೊಂಡು ಹೋಗುತ್ತಿದ್ದಳು. ಪಾಪ, ದಣಿವು ಎಂದುಕೊಂಡು ನಾನು ಕಾವಲನ್ನು ಇನ್ನಷ್ಟು ಬಿಗಿ ಮಾಡಿದೆ.

ಇಪ್ಪತ್ಮೂರನೇ ದಿನ ಮೊದಲ ಕಂತು ಬಂತು. ಒಂದೂವರೆ ಲಕ್ಷ ನೋಡಲು ಕನ್ನಡಕ ಒರೆಸಿಕೊಂಡು ಅವಳ ಫೋನ್ ಹಿಡಿದರೆ, ಅಲ್ಲಿದ್ದದ್ದು ಒಂದು ಲಕ್ಷದ ಮೂರು ಸಾವಿರದ ಇನ್ನೂರು. ಫೋನನ್ನು ಎರಡು ಸಲ ತಟ್ಟಿ ನೋಡಿದೆ. ಉಳಿದದ್ದು ಉದುರಲಿಲ್ಲ. ಸೀದಾ ಆಡಿಟರ್ ದರ್ಶನ್ ಬಳಿಗೆ ಓಡಿದೆ.

"ಬೋನಸ್ಸೂ ಸಂಬಳಾನೇ ಸಾರ್. ಮೂಲದಲ್ಲೇ ತೆರಿಗೆ ಕಡಿತ ಆಗಿದೆ" ಅಂದ.

"ಇದು ಕಡಿತ ಅಲ್ಲಪ್ಪ, ಮೂಲಕ್ಕೇ ಕೊಡಲಿ!" ಅಂದೆ. "ನಿದ್ದೆಗೆಟ್ಟಿದ್ದಕ್ಕೆ ಏನೂ ವಿನಾಯ್ತಿ ಇಲ್ವಾ? ಬೀದಿ ತುಂಬ ನೋಟಿಸ್ ಅಂಟಿಸಿದೀನಿ, ಆ ಪೇಪರ್ ಖರ್ಚು?"

ದರ್ಶನ್ ನನ್ನನ್ನು ಕರುಣೆಯಿಂದ ನೋಡಿ, ಕಾಫಿ ತರಿಸಿಕೊಟ್ಟು ಕಳಿಸಿದ. (ಕಾಫಿಯ ಮೇಲೆ ತೆರಿಗೆ ಹಿಡಿಯಲಿಲ್ಲ.)

ಜ್ಯೋತಿಗೆ ಹೇಳಿದರೆ ಅವಳು ನನಗಿಂತ ಜೋರಾಗಿ ಉರಿದುಬಿದ್ದಳು. "ರಜೆ ಬಿಟ್ಟಿದ್ದು ನಾನು. ನಮ್ಮ ತಂಗಿ ಚೈತ್ರನ ಸೀಮಂತಕ್ಕೂ ಹೋಗದೆ ಹಾರಿಸಿದ್ದು ನಾನು. ಮೂರರಲ್ಲಿ ಒಂದು ಪಾಲು ತಗೊಳೋರು ಮೂರರಲ್ಲಿ ಒಂದು ದಿನ ಬಂದು ನನ್ನ ಸೀಟಲ್ಲಿ ಕೂರ್ತಾರಾ?"

ಸೀಮಂತ ತಪ್ಪಿದ್ದಕ್ಕೆ ಅವಳಿಗೆ ಇಷ್ಟು ನೋವಾಗಿತ್ತೆಂದು ನನಗೆ ಆಗಲೇ ಗೊತ್ತಾದದ್ದು. ಒಂದು ಕ್ಷಣ ಬಿಟ್ಟುಬಿಡು ಎನ್ನೋಣವೆನಿಸಿತು. ಆದರೆ ಅಷ್ಟರಲ್ಲಿ ಮರಗೆಲಸದವನು ಉಯ್ಯಾಲೆಯ ಹಲಗೆಯ ಫೋಟೋ ಕಳಿಸಿದ. ಮನಸ್ಸು ಆ ಕಡೆ ತೂಗಿತು.

ಮೂವತ್ತೆಂಟನೇ ದಿನ ಸಂಜೆ ಐದು ಗಂಟೆಗೆ ಜ್ಯೋತಿ ರೂಮಿನಿಂದ ಹೊರಗೆ ಬಂದು, ಸೋಫಾದ ಮೇಲೆ ಕೂತು, ಕಂಪನಿಗೆ ಫೋನ್ ಮಾಡಿದಳು. "ನನಗೆ ನಿದ್ದೆ ಆಗಿಲ್ಲ. ಬೆಳಗಿನ ಫ್ಲೈಟ್ ನಾನು ಮಾಡೋದಿಲ್ಲ" ಅಂದುಬಿಟ್ಟಳು.

"ಅಯ್ಯೋ! ಇನ್ನೇಳು ದಿನ ಕಣೇ!"

"ನೂರೆಂಬತ್ತು ಜನ ಹಿಂದೆ ಕೂತಿರ್ತಾರೆ ರೀ. ಕಣ್ಣು ಎಳೀತಿರೋವಾಗ ನಾನು ಹಾರ್ಸಲ್ಲ. ನಿಮ್ಮ ಉಯ್ಯಾಲೆಗೋಸ್ಕರ ಅಂತೂ ಹಾರ್ಸಲ್ಲ."

ಎರಡನೇ ಕಂತು ಹೋಯಿತೆಂದು ಎದೆ ಗಟ್ಟಿ ಮಾಡಿಕೊಂಡೆ. ಮಾರನೆಯ ದಿನ ಕಂಪನಿಯಿಂದ ಪತ್ರ ಬಂತು. ಷರತ್ತು ಮುರಿದ ಕಾರಣ ಮೊದಲ ಕಂತನ್ನೂ ಹಿಂತಿರುಗಿಸಬೇಕು. ಎಷ್ಟು? ಪೂರ್ತಿ ಒಂದೂವರೆ ಲಕ್ಷ! ಕೈಗೆ ಬಂದದ್ದು ಒಂದು ಲಕ್ಷದ ಮೂರು ಸಾವಿರದ ಇನ್ನೂರು. ನಮ್ಮ ಮನೆಯ ಬಾಗಿಲನ್ನೇ ನೋಡದ ನಲವತ್ತಾರು ಸಾವಿರದ ಎಂಟುನೂರನ್ನೂ ನಾವೇ ವಾಪಸ್ ಕೊಡಬೇಕಂತೆ. ತೆರಿಗೆಯದ್ದನ್ನು ಮುಂದಿನ ವರ್ಷ ಅರ್ಜಿ ಹಾಕಿ ಕೇಳಿಕೊಳ್ಳಬಹುದು ಎಂದ ದರ್ಶನ್. ಈ ಸಲ ಕಾಫಿಯನ್ನೂ ತರಿಸಲಿಲ್ಲ. ಮರಗೆಲಸದವನು ಅಡ್ವಾನ್ಸ್ ವಾಪಸ್ ಕೊಡುವುದಿಲ್ಲವೆಂದು ಹೇಳಿ ಉಯ್ಯಾಲೆಯನ್ನು ನಂದಿನಿ ಲೇಔಟಿನ ಯಾರಿಗೋ ಮಾರಿಕೊಂಡ.

ನನ್ನ ಕೋಪವೆಲ್ಲ ಬೀದಿಯ ಮೇಲೆ ತಿರುಗಿತು. "ಯಾರು ನಿನ್ನ ನಿದ್ದೆ ಕೆಡಿಸಿದ್ದು? ಹೇಳು! ಕೃಷ್ಣಯ್ಯನಾ? ಗುರುದೇವೀನಾ? ಅಮ್ಮನ ಕೆಮ್ಮಾ?"

"ಅವರ್ಯಾರ ಸದ್ದೂ ನಂಗೆ ಕೇಳ್ಸಲ್ಲ ರೀ. ಒಂಬತ್ತು ವರ್ಷದಿಂದ ನಾನು ಕಿವಿಗೆ ಸ್ಪಂಜಿನ ಬಿರಡೆ ಹಾಕ್ಕೊಂಡೇ ಮಲಗೋದು."

"ಮತ್ತೆ?"

ಅವಳು ಫೋನ್ ನನ್ನ ಮುಂದಿಟ್ಟಳು. ಕಂಪನಿಗೆ ಕಳಿಸಿದ ದಣಿವಿನ ವರದಿ. ನಿದ್ದೆಗೆ ಅಡಚಣೆಯಾದ ಕಾರಣ ಎಂಬ ಜಾಗದಲ್ಲಿ ಒಂದೇ ಪದ: ಗಂಡ.

ಕೆಳಗೆ ವಿವರವೂ ಇತ್ತು. ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆದು ಟಾರ್ಚ್ ಬಿಟ್ಟು ನೋಡುತ್ತಾರೆ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ಪರೀಕ್ಷಿಸುತ್ತಾರೆ. ಎರಡು ಬಾರಿ ತಟ್ಟಿ ಎಬ್ಬಿಸಿ, ಚೆನ್ನಾಗಿ ನಿದ್ದೆ ಬರುತ್ತಿದೆಯೇ ಎಂದು ಕೇಳಿದ್ದಾರೆ.

"ಜವಾಬ್ದಾರಿ ಕಣೇ ಅದು!" ಅಂದೆ.

ಇನ್ನೂ ಒಂದು ಬಾಕಿಯಿತ್ತು. ಮತ್ತೆ ಡ್ಯೂಟಿಗೆ ಹೋಗಬೇಕಾದರೆ, ಅಡಚಣೆಯನ್ನು ನಿವಾರಿಸಲಾಗಿದೆ ಎಂದು ಅವಳು ಬರೆದುಕೊಡಬೇಕಂತೆ. ಬರೆಯುವುದೋ ಬೇಡವೋ ಎಂದು ಜ್ಯೋತಿ ನನ್ನ ಮುಖ ನೋಡುತ್ತಿದ್ದಳು. ಅಮ್ಮ ಮಾತ್ರ ಒಂದು ನಿಮಿಷವೂ ಯೋಚಿಸಲಿಲ್ಲ.

"ಬರ್ಕೊಡವ್ವ ನೀನು" ಎನ್ನುತ್ತಾ ಅಟ್ಟದಿಂದ ನನ್ನ ಬ್ಯಾಗು ಇಳಿಸಿ, ಎರಡು ಪಂಚೆ, ಒಂದು ಟವೆಲ್ಲು ತುಂಬಿಯೇಬಿಟ್ಟಳು.

ಅಂದೇ ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಯ ನಮ್ಮಕ್ಕ ಲತಾಳ ಮನೆ ಸೇರಿದೆ. ಒಂದೆರಡು ದಿನದ ಮಾತು, ನಾನಿಲ್ಲದೆ ಮನೆ ನಡೆಯುವುದುಂಟೇ ಎಂದು ಅಕ್ಕನಿಗೂ ಭಾವನಿಗೂ ಹೇಳಿ ಬ್ಯಾಗನ್ನು ಪೂರ್ತಿ ಬಿಚ್ಚಲೂ ಇಲ್ಲ. ಮರುದಿನ ಮಧ್ಯಾಹ್ನ ಮೂರೂವರೆಗೆ ಅಮ್ಮನ ಫೋನ್ ಬಂತು.

"ಜ್ಯೋತಿ ಒಂಬತ್ತು ಗಂಟೆ ಒಂದೇ ನಿದ್ದೆ ಮಾಡಿದ್ಲು ಕಣೋ. ನಾನೂ ಹತ್ತು ಗಂಟೆ ಮಲಗಿದೆ. ಕೃಷ್ಣಯ್ಯನೋರು ಎಷ್ಟು ಚೆನ್ನಾಗಿ ನುಡಿಸ್ತಿದಾರೆ ಗೊತ್ತಾ? ನೀನೇನೂ ಆತುರ ಪಡಬೇಡಪ್ಪ. ದೀಪಾವಳಿ ಅಲ್ಲೇ ಮುಗಿಸ್ಕೊಂಡು ಬಾ."